ಎತ್ತಬೇಡಿ

ಬಲಗಾಲಿನದು ಕಪ್ಪಗೆ, ಹಿಮ್ಮಡಿ ಸಮೇತ ತುಂಬಿಕೊಂಡು, ಎಡಗಾಲಿನದು ಬರೀ ಅಂಚು — ಇಬ್ಬನಿ ಕೂತ ಹುಲ್ಲಿನ ಮೇಲೆ ಹಲ್ಲಿನ ಡಾಕ್ಟರ ಬೂಟು ಬಿಟ್ಟ ಗುರುತು ಅದು, ಅಷ್ಟು ನೋಡಿದರೆ ಸಾಕು, ಚೆಂಡು ಎಲ್ಲಿಗೆ ಹೋಯಿತೆಂದು ತಲೆ ಎತ್ತುವ ಅಗತ್ಯವೇ ಇಲ್ಲ, ಎಲ್ಲಿಗೂ ಹೋಗಿರುವುದಿಲ್ಲ, ಹತ್ತು ಮಾರು ಉರುಳಿ ಕೂತಿರುತ್ತದೆ, ಡಾಕ್ಟರು ಗಾಲ್ಫ್ ಕ್ಲಬ್ಬಿನ ತುದಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿರುತ್ತಾರೆ, ತಪ್ಪೆಲ್ಲ ಕಬ್ಬಿಣದ್ದೇ ಎನ್ನುವ ಹಾಗೆ. ಮೂವತ್ತನಾಲ್ಕು ವರ್ಷದಿಂದ ಆಟ ಕಲಿಸುತ್ತ ಅವನು ನೋಡಿದ್ದು ಜನರ ಮುಖಗಳನ್ನಲ್ಲ, ಪಾದಗಳನ್ನು, ವಕೀಲರ ಪಾದ, ಬ್ಯಾಂಕಿನವರ ಪಾದ, ಸೊಂಟನೋವಿನವರ ಪಾದ, ಎಲ್ಲ ಪಾದಗಳಿಗೂ ಒಂದೇ ಮಾತು, ಭಾರ ಎಡಗಾಲಿಗೆ ಬರಲಿ, ಎಡಗಾಲಿಗೆ, ಎಡಗಾಲು — ಹಾಗೆ ಹೇಳಿ ಹೇಳಿ ಈ ಮೈದಾನದಲ್ಲಿ ಅವನ ಹೆಸರೇ ಎಡಗಾಲು ಮೇಷ್ಟ್ರು ಎಂದಾಗಿದೆ, ಹಿಂದಿನಿಂದ ಕರೆಯುತ್ತಿದ್ದವರು ಈಗ ಎದುರಿಗೇ ಕರೆಯುತ್ತಾರೆ, ಅವನೂ ಓ ಅನ್ನುತ್ತಾನೆ, ಮುನಿಸಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲ. ಎಂಟೂಕಾಲು. ಇನ್ನೊಂದು ಬುಟ್ಟಿ ಚೆಂಡು ಉಳಿದಿದೆ, ಆಮೇಲೆ ಬಸ್ಸು, ಆಮೇಲೆ ಮನೆಯಲ್ಲಿ ಹೆಂಡತಿಯ ಸ್ನಾನ, ಹನ್ನೊಂದಕ್ಕೆ ಮಗಳು ಬರುತ್ತಾಳೆ, ಕಾರಿನ ಹಿಂದಿನ ಸೀಟು ಮಡಚಿ ಗಾಲಿಕುರ್ಚಿಗೆ ಜಾಗ ಮಾಡಿಕೊಂಡೇ ಬರುತ್ತಾಳೆ, ಅವಳು ಹೇಳಿದ ಮೇಲೆ ಮುಗಿಯಿತು, ಯಾರ ಮಗಳು. ಮೇಷ್ಟ್ರೇ, ಸರಿಯಾಗೇ ಹೊಡೆದ್ನಲ್ಲ, ಯಾಕೆ ಮೇಲೆ ಏಳ್ಲಿಲ್ಲ? ಅವನು ಉಸಿರು ಬಿಟ್ಟು ಡಾಕ್ಟರ ಕಡೆ ನಡೆಯುತ್ತಾನೆ.

ಚೆಂಡು ಮತ್ತೆ ಎಡ ಹಿಮ್ಮಡಿಯ ನೇರಕ್ಕಿದೆ, ನಿನ್ನೆ ಮೊನ್ನೆ ಇದ್ದ ಜಾಗದಲ್ಲೇ, ಟಿವಿಯಲ್ಲಿ ಯಾರೋ ಉದ್ದನೆಯ ಕ್ಲಬ್ಬಿನಲ್ಲಿ ಹಾಗಿಟ್ಟುಕೊಂಡು ಬೀಸಿದ್ದನ್ನು ನೋಡಿಬಿಟ್ಟಿದ್ದಾರೆ ಇವರು, ಡಾಕ್ಟ್ರೇ ಅದು ದೊಡ್ಡ ಕ್ಲಬ್ಬಿಗೆ, ಇದು ಒಂಬತ್ತನೇ ನಂಬರಿನ ಐರನ್ನು, ಗಿಡ್ಡದು, ಇದಕ್ಕೆ ಚೆಂಡು ಎರಡು ಪಾದದ ನಡುವೆ ಇರಬೇಕು, ತೀರಾ ಬೇಕಾದ್ರೆ ನಡುವಿಗಿಂತ ಒಂದು ಬೆರಳು ಮುಂದೆ, ಅಷ್ಟೇ — ಅವನು ಬಗ್ಗಿ ಚೆಂಡನ್ನು ಸರಿಸಿಡುತ್ತಾನೆ, ಬಗ್ಗಿದ್ದಕ್ಕೆ ಬೆನ್ನು ಕಿರ್ರೆನ್ನುತ್ತದೆ, ಏಳುವಾಗ ಇನ್ನೊಮ್ಮೆ. ಚೆಂಡು ಎಲ್ಲಿದ್ರೇನು ಮೇಷ್ಟ್ರೇ, ಹೊಡೆಯೋನು ನಾನು ತಾನೇ? ಅಲ್ಲ ಡಾಕ್ಟ್ರೇ, ಹೊಡೆಸೋದು ಚೆಂಡು, ಅದು ಎಲ್ಲಿ ಕೂತಿದ್ಯೋ ಅದರ ಪ್ರಕಾರ ಮೈ ನಡ್ಕೊಳ್ಳುತ್ತೆ, ತಪ್ಪು ಜಾಗದಲ್ಲಿಟ್ರೆ ಮೈ ಹಿಂದೇನೇ ಉಳ್ಕೊಂಡು ಕೈ ಮಾತ್ರ ಮುಂದೆ ಓಡುತ್ತೆ, ಭಾರ ಬಲಗಾಲಲ್ಲೇ ಕೂತಿರುತ್ತೆ, ಆಗ ನೀವು ಚೆಂಡನ್ನ ಎತ್ತೋಕೆ ನೋಡ್ತೀರಿ. ಎತ್ತಬೇಡಿ. ಎತ್ತೋದು ಕ್ಲಬ್ಬಿನ ಕೆಲಸ, ಅದರ ಮುಖ ಓರೆಯಾಗಿರೋದೇ ಅದಕ್ಕೆ, ನೀವು ಎಡಗಾಲಿನ ಮೇಲೆ ಬಂದು ಕೆಳಕ್ಕೆ ಹೊಡೀರಿ, ಅದು ತಾನಾಗೇ ಮೇಲಕ್ಕೆ ಹೋಗುತ್ತೆ. ಡಾಕ್ಟರು ತಲೆಯಾಡಿಸುತ್ತಾರೆ, ಬೀಸುತ್ತಾರೆ, ಎತ್ತುತ್ತಾರೆ. ಚೆಂಡಿಗಿಂತ ಒಂದು ಗೇಣು ಹಿಂದೆ ಮಣ್ಣು ಹಾರುತ್ತದೆ. ದಿನವೆಲ್ಲ ಹಲ್ಲು ಕಿತ್ತು ಅಭ್ಯಾಸವಾದ ಕೈ, ಇದನ್ನೂ ಕೀಳಲು ನೋಡುತ್ತದೆ, ನಂಬುವುದಿಲ್ಲ, ಯಾರೂ ನಂಬುವುದಿಲ್ಲ, ಕೆಳಕ್ಕೆ ಹೊಡೆದರೆ ಮೇಲಕ್ಕೆ ಹೋಗುತ್ತದೆ ಎನ್ನುವುದನ್ನು ನಂಬಲು ಕೆಲವರಿಗೆ ಆರು ತಿಂಗಳು ಹಿಡಿಯುತ್ತದೆ, ಕೆಲವರು ನಂಬದೆಯೇ ಕ್ಲಬ್ಬು ಮಾರಿ ಮನೆಗೆ ಹೋಗುತ್ತಾರೆ. ಇವರು ಎರಡನೆಯ ಜಾತಿ ಇರಬೇಕು. ಇರಲಿ, ಇನ್ನೊಂದು ಚೆಂಡು ಇಡೋಣ.

ಏಳು ತಿಂಗಳು. ಏಳು ತಿಂಗಳಿಂದ ಮನೆಯಲ್ಲೂ ಇದೇ ಗುರುತು, ಬಚ್ಚಲ ಬಾಗಿಲಿಂದ ಮಂಚದವರೆಗೆ, ಒದ್ದೆ ಒದ್ದೆಯಾಗಿ, ಅವಳ ಬಲಪಾದ ಪೂರ್ತಿ, ಅವಳ ಎಡಪಾದ ಬರೀ ಹೊರಗಿನ ಅಂಚು, ಉಗುರಿನಲ್ಲಿ ಗೀರಿದ ಹಾಗೆ, ಅದರ ಪಕ್ಕದಲ್ಲಿ ಅವನ ಎರಡು ಪಾದಗಳು ಅಗಲವಾಗಿ ದಪ್ಪಗೆ — ಅವನವು ಎರಡು, ಅವಳದು ಒಂದು, ಮೂರು ಕಾಲಿನ ಯಾವುದೋ ಪ್ರಾಣಿ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಮನೆಯೊಳಗೆ ಓಡಾಡಿದಂತೆ. ಅವಳೇ ಹೇಳಿದ್ದು ಅದು, ಮೂರು ಕಾಲಿನ ಪ್ರಾಣಿ, ನಗುತ್ತಲೇ ಹೇಳಿದ್ದಳು, ಮೊದಲ ತಿಂಗಳು ಇನ್ನೂ ನಗುತ್ತಿದ್ದಳು. ತಲೆಯೊಳಗೆ ಒಂದು ಸಣ್ಣ ರಕ್ತನಾಳ ಮುಚ್ಚಿಕೊಂಡಿದ್ದು, ಅಷ್ಟೇ, ಸಾಸಿವೆ ಕಾಳಿನಷ್ಟು ಜಾಗ ಎಂದರು ಆಸ್ಪತ್ರೆಯಲ್ಲಿ, ಎಡಗೈ ಹೋಯಿತು, ಎಡಗಾಲು ಹೋಯಿತು, ಮಾತು ಮಾತ್ರ ಹಾಗೇ ಉಳಿಯಿತು, ಉಳಿದಿದ್ದಲ್ಲದೆ ಹರಿತವೂ ಆಯಿತು. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವಳು. ಬಸ್ಸು ತಿರುವಿನಲ್ಲಿ ವಾಲಿದರೆ ಎಲ್ಲರೂ ಕಂಬಿ ಹಿಡಿಯಬೇಕು, ಇವಳು ಮಾತ್ರ ಏನನ್ನೂ ಹಿಡಿಯದೆ, ಒಂದು ಕೈಯಲ್ಲಿ ಟಿಕೆಟ್ಟಿನ ಕಟ್ಟು, ಇನ್ನೊಂದು ಕೈಯಲ್ಲಿ ಪೆನ್ಸಿಲ್ಲು, ನಡುವಿನಲ್ಲಿ ನೆಟ್ಟಗೆ, ಭಾರ ಬಲಕ್ಕೆ ಎಡಕ್ಕೆ ತನ್ನಷ್ಟಕ್ಕೆ ಹೋಗಿ ಬರುತ್ತಿತ್ತು — ಅವನು ಅವಳನ್ನು ಮೊದಲು ನೋಡಿದ್ದು ಹಾಗೆ, ಗಾಲ್ಫಿನ ಚೀಲ ಹೊತ್ತು ಬಾಗಿಲಲ್ಲೇ ನಿಂತಿದ್ದ, ಇಪ್ಪತ್ತೇಳು ವರ್ಷ ಅವನಿಗೆ, ಪಾದ ನೋಡಿದ, ಅಬ್ಬಾ ಈ ಹೆಂಗಸಿಗೆ ಯಾರೂ ಏನೂ ಕಲಿಸಬೇಕಾಗಿಲ್ಲ ಅಂದುಕೊಂಡ, ಅಷ್ಟರಲ್ಲಿ ಅವಳು, ಮುಂದೆ ಹೋಗ್ರೀ, ಬಾಗಿಲಲ್ಲಿ ನಿಲ್ಬೇಡಿ, ದಾರಿ ಬಿಡಿ. ಆ ಮಾತನ್ನೇ ಪ್ರೀತಿಯೆಂದು ತಿಳಿದುಕೊಂಡು ಮೂರು ತಿಂಗಳು ಅದೇ ಬಸ್ಸು ಹತ್ತಿದ, ಮೈದಾನ ಇನ್ನೊಂದು ದಿಕ್ಕಿನಲ್ಲಿದ್ದರೂ.

ಭುಜ ಆ ಕಡೆ ಬೇಡ ಡಾಕ್ಟ್ರೇ, ಹಾಂ, ಸೊಂಟ. ಹೋದ ವಾರ ಬಚ್ಚಲಲ್ಲಿ ಅವನೂ ಅವಳೂ ಇಬ್ಬರೂ ಬಿದ್ದರು. ಸೋಪಿನ ನೀರು, ಅವಳ ಕಂಕುಳಲ್ಲಿ ಅವನ ಬಲಗೈ, ಒಂದು ಎರಡು ಮೂರು ಅಂತ ಎತ್ತಿದ, ಅವನ ಕಾಲು ಜಾರಿತು, ಅವಳು ಅವನ ಮೇಲೆ, ಅವನು ಬಕೀಟಿನ ಮೇಲೆ, ಹತ್ತು ನಿಮಿಷ ಹಾಗೇ ಬಿದ್ದಿದ್ದರು, ಏಳಲು ನೋಡಿ ನೋಡಿ ಸುಸ್ತಾಗಿ, ಕೊನೆಗೆ ಅವಳು ಗೋಡೆ ಬಡಿದು ಪಕ್ಕದ ಮನೆಯ ಟೈಲರಮ್ಮನನ್ನು ಕರೆದಳು, ಆಕೆ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಓಡಿ ಬಂದಳು, ನೋಡಿ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಮಗಳಿಗೆ ಫೋನು ಮಾಡಿದಳು, ಬೇಡ ಅಂದರೂ ಕೇಳದೆ. ಅವತ್ತೇ ಓಡಿ ಬಂದ ಮಗಳು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಅಪ್ಪಾ, ಇಬ್ಬರೂ ಬಿದ್ರೆ ಎತ್ತೋರ್ಯಾರು? ಎಂದಳು ಅಷ್ಟೇ, ಮೆತ್ತಗೆ. ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ, ನಮ್ಮನೇಲಿ ಲಿಫ್ಟ್ ಇದೆ, ನೋಡ್ಕೊಳ್ಳೋರು ಬೆಳಿಗ್ಗೆಯಿಂದ ಸಂಜೆವರೆಗೆ ಇರ್ತಾರೆ, ನೀವು ಭಾನುವಾರ ಭಾನುವಾರ ಬನ್ನಿ. ಇವಳು ಮಂಚದ ಮೇಲಿಂದ, ನಾನೇನು ಸಾಮಾನಾ ಸಾಗಿಸೋಕೆ, ಎಂದಳು. ಮಗಳು ಅದಕ್ಕೂ ಸಿದ್ಧವಾಗಿಯೇ ಇದ್ದಳು, ಒಂದು ಹೆಜ್ಜೆ ಅಮ್ಮಾ, ಅಪ್ಪ ಮುಟ್ಟದೆ ನೀನು ಒಂದೇ ಒಂದು ಹೆಜ್ಜೆ ಇಟ್ಟಿದ್ದನ್ನ ಶನಿವಾರ ನಂಗೆ ತೋರ್ಸು, ನಾನು ಬಾಯಿ ಮುಚ್ಕೊಂಡು ವಾಪಸ್ ಹೋಗ್ತೀನಿ. ಒಂದು ಹೆಜ್ಜೆ, ಎಷ್ಟು ಸುಲಭವಾಗಿ ಹೇಳಿಬಿಟ್ಟಳು, ಅವಳಿಗೆ ಹನ್ನೊಂದನೇ ತಿಂಗಳಲ್ಲೇ ನಡಿಗೆ ಬಂದಿತ್ತು. ಆರು ದಿನ ಇಬ್ಬರೂ ಹೆಣಗಿದರು, ಅವನು ಹಿಡಿದ, ಬಿಟ್ಟ, ಅವಳು ಬಲಕ್ಕೆ ವಾಲಿದಳು, ಮತ್ತೆ ಹಿಡಿದ, ನಿನ್ನೆ ಅವಳು, ಸಾಕು ಬಿಡಿ, ಸೀರೆ ಮಡಚಿಡಿ ಪೆಟ್ಟಿಗೆಗೆ ಎಂದಳು, ಗೋಡೆ ಕಡೆ ತಿರುಗಿಕೊಂಡಳು. ಅವನು ಸೀರೆ ಮಡಚಿದ, ನಾಲ್ಕು ಸೀರೆ, ಅವಳ ಹಳೆಯ ಕಂಡಕ್ಟರ್ ಶರಟನ್ನೂ ಯಾಕೋ ಅದರ ಜೊತೆಗೇ ಇಟ್ಟ. ಇವತ್ತು ಶನಿವಾರ.

ಮೇಷ್ಟ್ರೇ, ಎಲ್ಲಿದ್ದೀರಿ? ಇಲ್ಲೇ ಇದ್ದೀನಿ ಡಾಕ್ಟ್ರೇ, ಬನ್ನಿ, ಬೀಸೋದು ಬಿಡಿ, ಬರೀ ನಿಂತ್ಕೊಳ್ಳಿ, ನಾನು ಸೊಂಟಕ್ಕೆ ಕೈ ಕೊಡ್ತೀನಿ, ನೀವು ಭಾರ ಎಡಕ್ಕೆ ತನ್ನಿ. ಅವನು ಎಡಪಕ್ಕದಲ್ಲಿ ನಿಂತು ಡಾಕ್ಟರ ಸೊಂಟಕ್ಕೆ ಅಂಗೈ ಆನಿಸಿದ, ಡಾಕ್ಟರು ವಾಲಿದರು, ಬಂತು ಬಂತು ಮೇಷ್ಟ್ರೇ, ಈಗ ಬಂತು ನೋಡಿ, ಎಡಗಾಲಿಗೇ ಬಂದಿದೆ, ಎಂದು ಹಿಗ್ಗಿದರು — ಬಂದಿತ್ತು, ಹೌದು, ತೊಂಬತ್ತು ಕಿಲೋ, ಆದರೆ ಎಡಗಾಲಿಗಲ್ಲ, ಅವನ ಅಂಗೈಗೆ, ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಬೆನ್ನಿನ ಅದೇ ಹಳೆಯ ಜಾಗಕ್ಕೆ. ಕೆಳಗೆ ನೋಡಿದ, ಡಾಕ್ಟರ ಎಡ ಬೂಟಿನ ಕೆಳಗೆ ಹುಲ್ಲು ಇನ್ನೂ ಬಗ್ಗಿಯೇ ಇಲ್ಲ. ಈ ಭಾರ ಅವನಿಗೆ ಗೊತ್ತು. ಈ ಭಾರವನ್ನು ಅವನು ದಿನಾ ಹೊರುತ್ತಾನೆ, ಬೆಳಿಗ್ಗೆ ಹತ್ತಕ್ಕೆ, ಇದೇ ಎಡಪಕ್ಕದಲ್ಲಿ ನಿಂತು, ಇದೇ ಕೈಯಲ್ಲಿ, ಇದೇ ಬಂತು ಬಂತು ಎಂಬ ಮಾತು ಕೇಳಿಸಿಕೊಂಡು — ಅವಳು ಯಾಕೆ ತಾನೇ ಕಾಲೂರುತ್ತಾಳೆ, ಊರುವುದಕ್ಕೆ ಅವನ ಕೈ ಇರುವಾಗ. ಕೈ ತೆಗೆದ. ಯೋಚಿಸಿ ತೆಗೆದದ್ದಲ್ಲ. ಡಾಕ್ಟರು ಅಯ್ಯೋ ಅಂತ ಓಲಾಡಿ, ಬೀಳಬೇಕಿದ್ದವರು ಬೀಳದೆ, ಎಡಗಾಲನ್ನು ದಬ್ಬೆಂದು ಊರಿ ನಿಂತುಕೊಂಡರು, ಹುಲ್ಲಿನ ಇಬ್ಬನಿ ಚಪ್ಪಟೆಯಾಯಿತು, ಹಿಮ್ಮಡಿ, ಅಂಗಾಲು, ಮುಂಗಾಲು, ಇಡೀ ಬೂಟಿನ ಗುರುತು ಕಪ್ಪಗೆ ಮೂಡಿತು. ಹೇಳಿ ಬಿಡೋದಲ್ವಾ ಮೇಷ್ಟ್ರೇ, ಜೀವ ಹೋಯ್ತು. ಹೇಳಿದ್ರೆ ಊರ್ತಿರ್ಲಿಲ್ಲ ಡಾಕ್ಟ್ರೇ. ಅಲ್ಲೇ ಇರಿ, ಹಾಗೇ ಹೊಡೀರಿ. ಡಾಕ್ಟರು ಸಿಟ್ಟಿನಲ್ಲೇ ಬೀಸಿದರು, ಟಕ್ಕೆಂದು ಸದ್ದು ಬಂತು, ಮೊದಲು ಚೆಂಡು, ಆಮೇಲೆ ಅದರ ಮುಂದಿನ ಹುಲ್ಲಿನ ಚಕ್ಕೆ, ಚೆಂಡು ಎದ್ದು ಎದ್ದು ಎಷ್ಟು ಹೊತ್ತಾದರೂ ಇಳಿಯದೆ, ಡಾಕ್ಟರು ಬಾಯಿ ತೆರೆದು ನಿಂತರು, ಯಾವಾಗಲೂ ಬೇರೆಯವರ ಬಾಯಿ ತೆರೆಸುವವರು. ಅವನು ಚೆಂಡು ನೋಡಲೇ ಇಲ್ಲ. ಬುಟ್ಟಿ ಅರ್ಧ ಉಳಿದಿರುವಾಗಲೇ ಹೊರಟ, ನಾಳೆ ನೋಡೋಣ ಡಾಕ್ಟ್ರೇ, ಇವತ್ತು ಮನೆ ಕಡೆ ಸ್ವಲ್ಪ ಕೆಲಸ ಇದೆ.

ಎತ್ತಬೇಡಿ ಸರ್. ಆಸ್ಪತ್ರೆಯಲ್ಲಿ ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋ ಹುಡುಗಿ ಮೊದಲನೇ ವಾರವೇ ಹೇಳಿದ್ದಳು, ಬಿಳಿ ಕೋಟಿನ ಜೇಬಿನಲ್ಲಿ ಪೆನ್ನು ಸೋರಿ ನೀಲಿ ಕಲೆಯಾಗಿತ್ತು, ಅದು ಕೂಡ ನೆನಪಿದೆ, ನೀವು ಎತ್ತಬೇಡಿ ಸರ್, ಪಕ್ಕದಲ್ಲಿರಿ ಸಾಕು — ಅವನು ಎದೆ ಉಬ್ಬಿಸಿ, ನನ್ನ ಬೆನ್ನಿಗೇನೂ ಆಗಲ್ಲಮ್ಮಾ, ನೀನು ಯೋಚ್ನೆ ಮಾಡ್ಬೇಡ, ಎಂದುಬಿಟ್ಟಿದ್ದ. ಬೆನ್ನಿಗೆ! ಆ ಹುಡುಗಿ ಏನೋ ಹೇಳಲು ಹೋಗಿ ಮುಂದಿನವರನ್ನು ಕರೆದಳು, ಹತ್ತು ಜನ ಕಾಯುತ್ತಿದ್ದರು ಹೊರಗೆ. ಬಸ್ಸಿನಲ್ಲಿ ನಿಂತಿದ್ದಾನೆ, ಕಂಬಿ ಹಿಡಿದುಕೊಂಡು, ಎಲ್ಲರೂ ಹಿಡಿದುಕೊಂಡಿದ್ದಾರೆ, ಯಾರ ಪಾದವೂ ನೆಟ್ಟಗಿಲ್ಲ, ಅವನಿಗೆ ನಗುವೂ ಬರುತ್ತಿದೆ, ನಾಚಿಕೆಯೂ, ಅದಕ್ಕಿಂತ ಹೆಚ್ಚಾಗಿ ಸುಸ್ತು, ಎಂಥ ಸುಸ್ತು, ಮೂಳೆಯೊಳಗೆ ಮರಳು ತುಂಬಿದ ಹಾಗೆ, ಮೂವತ್ತನಾಲ್ಕು ವರ್ಷ ದಿನಕ್ಕೆ ನೂರು ಸಲ ಊರಿಗೆಲ್ಲ ಎತ್ತಬೇಡಿ ಎಂದವನಿಗೆ, ಆ ಒಂದೇ ಮಾತನ್ನು ಇನ್ನೊಬ್ಬರು ತನಗೆ ಹೇಳಿದರೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೋ, ಬೇಡವಾಗಿತ್ತೋ. ಎತ್ತುವಾಗ ಅವಳ ತಲೆ ಅವನ ಕೊರಳಿಗೆ ತಾಗುತ್ತದೆ, ಮೂವತ್ತು ವರ್ಷ ಯಾರನ್ನೂ ಹಿಡಿಯದೆ ನಿಂತವಳು ಏಳು ತಿಂಗಳಿಂದ ಅವನನ್ನು ಹಿಡಿದುಕೊಂಡಿದ್ದಾಳೆ, ಅದು ಅವನಿಗೆ ಇಷ್ಟವಾಗಿತ್ತು, ಹೌದು, ಇಷ್ಟವಾಗಿತ್ತು, ಹೇಳಿಕೊಳ್ಳಲು ಇನ್ನು ಏನಿದೆ. ಇನ್ನೊಂದು — ಚೆಂಡು ಇಟ್ಟ ಜಾಗ. ಟವೆಲ್ಲು ಬಾಗಿಲ ಬಲಗಡೆಯ ಮೊಳೆಯಲ್ಲಿ, ನೀರಿನ ಲೋಟ ಮಂಚದ ಬಲಕ್ಕೆ, ಕುರ್ಚಿ ಬಲಕ್ಕೆ, ಕನ್ನಡಕ ಬಲಕ್ಕೆ, ಅವಳ ಒಳ್ಳೆಯ ಕೈ ಬಲಗೈ ಅಂತ ಪ್ರಪಂಚವನ್ನೆಲ್ಲ ಬಲಕ್ಕೆ ಜೋಡಿಸಿಟ್ಟವನು ಯಾರು, ಈ ಎಡಗಾಲು ಮೇಷ್ಟ್ರೇ, ಅಂದ ಮೇಲೆ ಅವಳ ಮೈ ಎಡಕ್ಕೆ ಯಾಕೆ ಬರುತ್ತದೆ, ಎಡದಲ್ಲಿ ಏನಿದೆ ಅಂತ ಬರುತ್ತದೆ. ಮುಂದೆ ಹೋಗಿ ಮುಂದೆ ಹೋಗಿ ಎಂದ ಕಂಡಕ್ಟರು, ಗಂಡಸು, ಮೀಸೆಯವನು. ಅವನು ಮುಂದೆ ಹೋದ. ಅವನ ನಿಲ್ದಾಣ ಬಂತು.

ಬಂದ್ರಾ, ಬೇಗ ಬಂದ್ರಲ್ಲ ಇವತ್ತು, ಎಂದು ಟೈಲರಮ್ಮ ಕಾಜ ಹೊಲಿಯುತ್ತಿದ್ದ ಜಂಪರನ್ನು ಮಡಚಿಕೊಂಡು ಎದ್ದಳು, ಪೆಟ್ಟಿಗೆ ನೋಡಿ ಕಣ್ಣು ಒರೆಸಿಕೊಂಡಳು, ಹೋದಳು. ಹೆಂಡತಿಗೆ ಮೊದಲೇ ಹೇಳಿದರೆ ಕೆಡುತ್ತದೆ. ಎಂದಿನ ಹಾಗೆ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗಿ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿದ, ನೀರು ಹುಯ್ದ, ಬೆನ್ನು ಉಜ್ಜಿದ, ಬೆನ್ನು ಎಷ್ಟು ಸಣ್ಣಗಾಗಿದೆ, ನೈಟಿ ತೊಡಿಸಿದ, ಕುರ್ಚಿಯನ್ನು ಹೊರಗೆ ತಳ್ಳಿ ಬಾಗಿಲಿನ ಎಡಕ್ಕೆ, ಒಂದು ಹೆಜ್ಜೆ ದೂರದಲ್ಲಿ ಬ್ರೇಕು ಹಾಕಿ ನಿಲ್ಲಿಸಿದ, ಮೊಳೆಯಿಂದ ಟವೆಲ್ಲು ತೆಗೆದು ಅದರ ತೋಳಿನ ಮೇಲೆ ಹಾಕಿದ, ನಿಂತು ನೋಡಿದ, ಇನ್ನೊಂದು ಬೆರಳು ಮುಂದಕ್ಕೆ ಸರಿಸಿದ. ಅವಳು ಬಲಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಿದ್ದಾಳೆ, ಕೂದಲಿಂದ ನೀರು, ಕಾಯುತ್ತಿದ್ದಾಳೆ, ಅವನ ಕೈಗಾಗಿ ಎಡ ಕಂಕುಳನ್ನು ಆಗಲೇ ಸ್ವಲ್ಪ ಬಿಡಿಸಿಕೊಂಡು, ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಟವೆಲ್ ಎಲ್ಲಿ? ಅಲ್ಲಿ. ಕೊಡಿ. ನೀನೇ ತಗೋ. ತಲೆ ಕೆಟ್ಟಿದ್ಯಾ ನಿಮಗೆ, ಬನ್ನಿ, ಹಿಡ್ಕೊಳ್ಳಿ, ಚಳಿ ಆಗ್ತಿದೆ. ಇಲ್ಲ. ಬೀಳ್ತೀನಿ ರೀ. ಬಿದ್ರೆ ಹಿಡೀತೀನಿ, ಎತ್ತಲ್ಲ. ಅವಳು ಅವನನ್ನು ದಿಟ್ಟಿಸಿದಳು, ಕಣ್ಣಲ್ಲಿ ನೀರೋ, ಸ್ನಾನದ ನೀರೋ, ಸಿಟ್ಟಂತೂ ಹೌದು, ಇವತ್ತು ಹೋಗೋಳು ಅಂತ ಆಟ ಆಡಿಸ್ತಿದ್ದೀರಾ, ಎಂದಳು, ಅವನ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕಿಕೊಂಡವು. ಅವಳು ಟವೆಲ್ಲು ನೋಡಿದಳು. ಅವನನ್ನು ನೋಡಿದಳು, ಅವನು ನಿಂತ ಜಾಗವನ್ನು, ಅವಳಿಗೂ ಟವೆಲ್ಲಿಗೂ ನಡುವೆ. ಆಮೇಲೆ, ಹಳೆಯ ಧ್ವನಿ, ಡೀಸೆಲ್ ಎಂಜಿನ್ನಿಗೂ ಮೇಲೆ ಕೇಳಿಸುತ್ತಿದ್ದದ್ದು — ಮುಂದೆ ಹೋಗ್ರೀ, ಬಾಗಿಲಲ್ಲಿ ನಿಲ್ಬೇಡಿ, ದಾರಿ ಬಿಡಿ.

ಬಿಟ್ಟ, ಎರಡು ಹೆಜ್ಜೆ ಹಿಂದಕ್ಕೆ, ಮುಖ ನೋಡಲಿಲ್ಲ, ನೋಡುವುದು ಅಭ್ಯಾಸವಿಲ್ಲ, ಪಾದ ನೋಡಿದ, ಎಡಪಾದ ನೆಲದ ಮೇಲೆ ಸರಿಯಿತು, ಎಳೆದುಕೊಂಡು, ನಿಂತಿತು, ಬಲಗೈ ಚೌಕಟ್ಟನ್ನು ಬಿಟ್ಟು ಎಡಕ್ಕೆ ಚಾಚಿತು, ಚಾಚಿದ ಕೈಯ ಹಿಂದೆ ಭುಜ, ಭುಜದ ಹಿಂದೆ ಸೊಂಟ ಬಂತು, ಮೊಣಕಾಲು ಗಡಗಡ ನಡುಗಿತು, ಇನ್ನೇನು ಹಿಡಿಯಬೇಕು, ಕೈ ಬಿಚ್ಚಿಯೇಬಿಟ್ಟಿದ್ದ — ಬಲ ಹಿಮ್ಮಡಿ ನೆಲದಿಂದ ಮೇಲೆದ್ದಿತು. ಆಮೇಲೆ ಅವಳ ಕೈಯಲ್ಲಿ ಟವೆಲ್ಲು, ಅವಳು ಕುರ್ಚಿಯಲ್ಲಿ ದೊಪ್ಪನೆ, ಏದುಸಿರು, ನೋಡಿದ್ರಾ, ನೋಡಿದ್ರೇನ್ರೀ, ಇನ್ನೊಂದ್ಸಲ ಆಗುತ್ತೋ ಇಲ್ವೋ. ನೋಡಿದೆ. ಅವನಿಗೆ ಅಳು ಬಂತು, ಏಳು ತಿಂಗಳ ಸುಸ್ತೆಲ್ಲ ಸೇರಿದ ಅಳು, ಖಾಲಿ ಕೈಯಲ್ಲಿ ಮುಖ ಒರೆಸಿಕೊಂಡ. ಕರೆಗಂಟೆ ಸದ್ದು ಮಾಡಿತು. ಅಪ್ಪಾ, ನಾನು. ಮಗಳು ಬೇಗ ಬಂದಿದ್ದಾಳೆ, ಅಥವಾ ಹನ್ನೊಂದಾಯಿತೋ. ಬಾಗಿಲು ತೆಗೀರಿ, ನಿಂತೇ ಇದ್ದೀರಲ್ಲ, ಎನ್ನುತ್ತಾಳೆ ಇವಳು ತಲೆ ಒರೆಸಿಕೊಳ್ಳುತ್ತ. ಹೋಗಬೇಕು, ಹೋಗುತ್ತಾನೆ, ಸುತ್ತಿ ಹೋಗಲು ಜಾಗವಿದೆ, ಕಾಲು ಮಾತ್ರ ಏಳುತ್ತಿಲ್ಲ, ಅವನಿಗೂ ಹೊರಬಾಗಿಲಿಗೂ ನಡುವೆ ನೆಲದ ಮೇಲೆ ಆ ಗುರುತು ಇದೆ, ಪಕ್ಕದಲ್ಲಿ ಅವನದು ಒಂದೂ ಇಲ್ಲ, ಒಂದೇ, ಒದ್ದೆಯಾಗಿ, ಅಂಚಿನಿಂದ ಆಗಲೇ ಆರುತ್ತಿದೆ, ಅಪ್ಪಾ, ಮತ್ತೆ ಗಂಟೆ, ಬಾ ಮಗಳೇ, ಬೇಗ ಬಾ, ತುಳಿಯಬೇಡ — ಹಿಮ್ಮಡಿ, ಅಂಗಾಲು, ಐದು ಬೆರಳು, ಎಡಗಾಲಿನದು.